ಜಪಾನಿನ ಬೆಟ್ಟಗಳಲ್ಲಿ ಕೋತಿ ನೋಡಲು ಎಲ್ಲಿಗೆ ಹೋಗಬೇಕು? ಕ್ಯೋಟೊ, ನಾಗಾನೊ, ಓಯಿತಾ: ಒಂದು ಹೋಲಿಕೆ

“ಟಿಕೆಟ್ ಆಗಿದೆ. ಒಟ್ಟು ಒಂಬತ್ತು ದಿನ. ಕೋತಿ ಪಾರ್ಕ್ ಕ್ಯೋಟೊದಲ್ಲೂ ಇದೆಯಂತೆ, ನಾಗಾನೊದಲ್ಲೂ ಇದೆಯಂತೆ. ಅತ್ತೆಗೆ ಮಂಡಿ ನೋವು, ಮಗನಿಗೆ ಐದು ವರ್ಷ. ಯಾವುದಕ್ಕೆ ಹೋಗೋಣ ಹೇಳು.”

ಕೆಲಸದ ಮೇಲೆ ಕೆಲವು ವರ್ಷ ಜಪಾನಿನಲ್ಲಿದ್ದು ಬಂದವಳು ನಾನು. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇರುವುದರಿಂದ ನಮ್ಮ ಕಡೆಯಿಂದ ಹೊರಡುವವರು ಈಗ ಹೆಚ್ಚು, ಇಂಥ ಪ್ರಶ್ನೆ ಕಳಿಸುವವರೂ ಹೆಚ್ಚು. ಮೇಲಿನದು ಚಿಕ್ಕಮ್ಮನ ಮಗಳದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಕೋತಿ ನಮಗೆ ಹೊಸದಲ್ಲ. ನಂದಿ ಬೆಟ್ಟ, ಚಾಮುಂಡಿ ಬೆಟ್ಟ, ಅಂಜನಾದ್ರಿ, ಎಲ್ಲಿ ಹತ್ತಿದರೂ ಕೋತಿಗಳಿವೆ. ಆದರೆ ಅಲ್ಲಿ ಕೋತಿ ನೋಡುವುದು ನಮ್ಮ ಕೈಯನ್ನು. ಬಾಳೆಹಣ್ಣು ಇದೆಯಾ, ಪ್ರಸಾದದ ಚೀಲ ಇದೆಯಾ, ಇದ್ದರೆ ಕಿತ್ತುಕೊಳ್ಳಬಹುದಾ ಎಂದು. ನಾವೂ ಚೀಲ ಬಿಗಿಹಿಡಿದು ದಾಟಿಬಿಡುತ್ತೇವೆ. ತಾಯಿ ಕೋತಿಯೊಂದು ಮರಿಯ ಬೆನ್ನಿನಿಂದ ಹೇನು ಹೆಕ್ಕುವುದನ್ನು ಎರಡು ಮಾರು ದೂರದಲ್ಲಿ ನಿಂತು ಹತ್ತು ನಿಮಿಷ ಸಮಾಧಾನವಾಗಿ ನೋಡಿದ ನೆನಪು ನಮ್ಮಲ್ಲಿ ಎಷ್ಟು ಜನಕ್ಕಿದೆ? ಜಪಾನಿನ ಈ ಬೆಟ್ಟಗಳಲ್ಲಿ ಸಿಗುವುದು ಅದು. ಬೇಲಿಯಿಲ್ಲ, ಪಂಜರವಿಲ್ಲ. ಕೋತಿ ನಿಮ್ಮ ಕಾಲಿನ ಪಕ್ಕದಲ್ಲೇ ನಡೆದು ಹೋಗುತ್ತದೆ, ನಿಮ್ಮ ಕೈಯನ್ನು ಮಾತ್ರ ನೋಡುವುದಿಲ್ಲ.

ಇದರ ಹಿಂದೆ ಒಂದು ಚರಿತ್ರೆ ಇದೆ. 1948ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಇಮಾನಿಶಿ ಕಿಂಜಿ ಮತ್ತು ಅವರ ಶಿಷ್ಯರು ಕಾಡು ಕೋತಿಗಳ ಅಧ್ಯಯನಕ್ಕೆ ಇಳಿದಾಗ ಕೋತಿಗಳು ಕಣ್ಣಿಗೇ ಬೀಳುತ್ತಿರಲಿಲ್ಲ, ಮನುಷ್ಯರ ಸದ್ದಾದರೆ ಕಾಡಿನೊಳಗೆ ಮಾಯ. ಆಗ ಕಂಡುಕೊಂಡ ದಾರಿಯೆಂದರೆ ದಿನವೂ ಒಂದೇ ಜಾಗದಲ್ಲಿ ಆಹಾರ ಇಟ್ಟು ಕಾಯುವುದು. ಗೆಣಸು, ಗೋಧಿ, ಸೋಯಾ ಕಾಳು. ತಿಂಗಳುಗಟ್ಟಲೆ ಕಾದ ಮೇಲೆ ಕೋತಿಗಳು ಬಂದವು, ಮನುಷ್ಯರಿಗೆ ಒಗ್ಗಿಕೊಂಡವು. ನಾನು ಮುಂದೆ ಹೇಳುವ ಮೂರು ಪಾರ್ಕುಗಳಲ್ಲೂ ಕೋತಿ ನಮ್ಮೆದುರಿಗೆ ಬರುವುದು ಇದೇ ದಾರಿಯಲ್ಲಿ. ಹಾಗಾಗಿ ಆಯ್ಕೆ ಮಾಡುವಾಗ ನಾನು ಮೊದಲು ಕೇಳುವ ಪ್ರಶ್ನೆ: ಅಲ್ಲಿ ಕೋತಿಗೆ ಆಹಾರ ಕೊಡುವವರು ಯಾರು, ಹೇಗೆ ಕೊಡುತ್ತಾರೆ? ನೀವು ಏನು ನೋಡುತ್ತೀರಿ ಅನ್ನುವುದು ಅದರ ಮೇಲೆಯೇ ನಿಂತಿದೆ.

ಏನನ್ನು ಅಳೆಯಬೇಕು

ಆಹಾರದ ವಿಷಯ ಹೇಳಿದೆ. ಎರಡನೆಯದು ತಿಂಗಳು. ಮೂರೂ ಕಡೆ ಇರುವುದು ಒಂದೇ ಜಾತಿ, ಜಪಾನಿ ಮಕಾಕ್. ನಮ್ಮ ಕೆಂಪು ಕೋತಿಯ ಕುಲವೇ, ಆದರೆ ಮೈ ತುಂಬಾ ದಟ್ಟ ಕೂದಲು, ಕೆಂಪು ಮುಖ, ಬಾಲ ಅಂಗೈಯಷ್ಟು ಮಾತ್ರ. ಮರಿಗಳು ಹುಟ್ಟುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್ ಒಳಗೆ, ಬೆದೆಯ ಕಾಲ ಶರತ್ಕಾಲ ಮತ್ತು ಚಳಿಗಾಲದ ಆರಂಭ. ನಮ್ಮ ಮಕ್ಕಳ ರಜೆಗೆ ಇದನ್ನು ಹೊಂದಿಸಿ ನೋಡಿ. ಬೇಸಿಗೆ ರಜೆಯಲ್ಲಿ, ಅಂದರೆ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಹೋದರೆ ತಾಯಿಯ ಹೊಟ್ಟೆಗೆ ಅಂಟಿಕೊಂಡ ಕಪ್ಪುಗಂದು ಮರಿಗಳು ಸಿಗುತ್ತವೆ, ಹಿಮ ಸಿಗುವುದಿಲ್ಲ. ದಸರಾ ರಜೆಯಲ್ಲಿ ಹೋದರೆ ಕಾಡಿನಲ್ಲಿ ಹಣ್ಣು, ಬೀಜ ಹೇರಳವಾಗಿರುವ ಕಾಲ, ಕೋತಿಗಳು ಪಾರ್ಕಿಗೆ ಬರುವುದೇ ಕಡಿಮೆಯಾಗಬಹುದು. ಕ್ರಿಸ್‌ಮಸ್ ರಜೆಯಲ್ಲಿ ಹಿಮದ ಆಸೆ ಇಟ್ಟುಕೊಳ್ಳಬಹುದು. ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗೆ ಜಪಾನಿಗರದೇ ದೊಡ್ಡ ರಜೆ, ‘ಗೋಲ್ಡನ್ ವೀಕ್’. ರೈಲು, ಹೋಟೆಲ್ ಎರಡೂ ತುಂಬಿರುತ್ತವೆ. ಆ ವಾರ ಕಳೆದ ಮೇಲೆ ಹೊರಡುವಂತೆ ಟಿಕೆಟ್ ಮಾಡುವುದು ಒಳ್ಳೆಯದು.

ಮೂರನೆಯದು ಕಾಲು. ಇವು ಬೆಟ್ಟದ ಪಾರ್ಕುಗಳು, ಏರಲೇಬೇಕು. ಎಷ್ಟು ಏರಬೇಕು, ಏರದೆ ಬೇರೆ ದಾರಿ ಇದೆಯೇ ಎಂದು ಮೊದಲೇ ತಿಳಿದಿರಬೇಕು. ನಾಲ್ಕನೆಯದು ಹಣ. ಇಲ್ಲಿ ಒಂದು ತಪ್ಪು ಲೆಕ್ಕವನ್ನು ತುಂಬಾ ಜನ ಹಾಕುತ್ತಾರೆ, ಪ್ರವೇಶ ದರಗಳನ್ನು ಹೋಲಿಸುತ್ತಾ ಕೂರುತ್ತಾರೆ. ಮೂರೂ ಪಾರ್ಕುಗಳ ಟಿಕೆಟ್ 1000 ಯೆನ್ ಒಳಗೇ ಇದೆ, ನಮ್ಮ ಲೆಕ್ಕದಲ್ಲಿ ಸುಮಾರು 550–600 ರೂಪಾಯಿ. ಖರ್ಚಾಗುವುದು ಅಲ್ಲಿಗೆ ಮುಟ್ಟುವ ರೈಲಿಗೆ, ಮತ್ತು ರಜೆಯಿಂದ ಕಳೆಯುವ ದಿನಕ್ಕೆ.

ಅರಾಶಿಯಾಮಾ: ಕ್ಯೋಟೊದಿಂದ ಅರ್ಧ ದಿನ

ಕ್ಯೋಟೊ ನಗರದ ಪಶ್ಚಿಮ ಅಂಚಿನಲ್ಲಿ ಅರಾಶಿಯಾಮಾ. ಬಿದಿರು ಮೆಳೆಯ ಫೋಟೊಗಳಿಂದಾಗಿ ಎಲ್ಲರ ಪಟ್ಟಿಯಲ್ಲೂ ಇರುವ ಜಾಗ. ನದಿಗೆ ಅಡ್ಡಲಾಗಿರುವ ತೊಗೆತ್ಸುಕ್ಯೋ ಸೇತುವೆ ದಾಟಿದರೆ ದಕ್ಷಿಣ ದಡದಲ್ಲಿ ಒಂದು ಸಣ್ಣ ಶಿಂತೊ ಗುಡಿ, ಅದರ ಪಕ್ಕದಲ್ಲೇ ಇವಾತಾಯಾಮಾ ಕೋತಿ ಪಾರ್ಕಿನ ಟಿಕೆಟ್ ಕಿಟಕಿ. ಕ್ಯೋಟೊ ಸ್ಟೇಷನ್ನಿನಿಂದ ರೈಲಿನಲ್ಲಿ ಹದಿನೈದು ಹದಿನಾರು ನಿಮಿಷ, ಟಿಕೆಟ್ ಇನ್ನೂರ ಚಿಲ್ಲರೆ ಯೆನ್. ಬೆಳಗ್ಗೆ ಬಿದಿರು ಮೆಳೆ, ಆಮೇಲೆ ಕೋತಿ, ಮಧ್ಯಾಹ್ನದ ಊಟಕ್ಕೆ ಪೇಟೆ. ಬೇರೆ ಯಾವುದನ್ನೂ ಬಿಡಬೇಕಾಗಿಲ್ಲ. ಮೊದಲ ಸಲ ಹೋಗುವ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಏರು ಮಾತ್ರ ಏರೇ. ಮೊದಲು ಕಡಿದಾದ ಮೆಟ್ಟಿಲು, ನಂತರ ಕಾಡಿನೊಳಗೆ ಸುತ್ತುವ ಮಣ್ಣಿನ ದಾರಿ. ಆರೋಗ್ಯವಂತರಿಗೆ ಇಪ್ಪತ್ತು ನಿಮಿಷ, ಮಕ್ಕಳನ್ನು ಕರೆದುಕೊಂಡು ಹೋದರೆ ಅರ್ಧ ಗಂಟೆ. ಸಮುದ್ರಮಟ್ಟದಿಂದ 160 ಮೀಟರ್ ಎತ್ತರದಲ್ಲಿ ಬಯಲು. ಮಗುವಿನ ತಳ್ಳುಗಾಡಿ ಹೋಗುವುದಿಲ್ಲ, ಗಾಲಿಕುರ್ಚಿಯೂ ಹೋಗುವುದಿಲ್ಲ. ಅಂಜನಾದ್ರಿಯ ಮೆಟ್ಟಿಲುಗಳನ್ನು ದೂರು ಹೇಳದೆ ಹತ್ತುವವರಿಗೆ ಇದು ಏನೂ ಅಲ್ಲ. ಆದರೆ ಮಂಡಿ ನೋವಿರುವವರನ್ನು “ಸ್ವಲ್ಪವೇ ದೂರ” ಎಂದು ಹೊರಡಿಸಬೇಡಿ. ನನ್ನ ಅಮ್ಮನನ್ನು ಹಾಗೆ ಹೊರಡಿಸಿ, ಅರ್ಧ ದಾರಿಯಲ್ಲಿ ಬೆಂಚಿನ ಮೇಲೆ ಕೂರಿಸಿ, ಇಳಿಯುವಾಗ ಅವರ ಮುಖ ನೋಡಲಾಗದೆ ಸಂಕಟಪಟ್ಟಿದ್ದೇನೆ. ಇಳಿಜಾರು ಮಂಡಿಗೆ ಏರಿಗಿಂತ ಕಷ್ಟ.

ಮೇಲೆ ಸುಮಾರು 120 ಕೋತಿಗಳು. ಒಂದು ಕಡೆ ಇಡೀ ಕ್ಯೋಟೊ, ಅದರಾಚೆ ಹಿಯೇ ಪರ್ವತ. ಮಧ್ಯೆ ಒಂದು ಮರದ ಗುಡಿಸಲು, ಕಿಟಕಿಗಳಿಗೆ ಜಾಲರಿ. ಇಲ್ಲಿ ಆಹಾರ ಕೊಡುವುದು ನೀವೇ, ಆದರೆ ಗುಡಿಸಲಿನ ಒಳಗೆ ನಿಂತು ಮಾತ್ರ. ಸೇಬಿನ ಹೋಳು, ಕಡಲೆಕಾಯಿ ಅಲ್ಲೇ ಮಾರುತ್ತಾರೆ. ಅಂಗೈ ಮೇಲೆ ಇಟ್ಟು ಜಾಲರಿಗೆ ಹಿಡಿದರೆ ಹೊರಗಿನಿಂದ ಒಂದು ಸಣ್ಣ, ಒಣಗಿದ, ಬೆಚ್ಚನೆಯ ಕೈ ಬಂದು ಎತ್ತಿಕೊಳ್ಳುತ್ತದೆ. ಜನ ಒಳಗೆ, ಕೋತಿ ಹೊರಗೆ. ಗುಡಿಸಲಿನ ಆಚೆ ಯಾರೂ ತಿಂಡಿ ತೆಗೆಯುವಂತಿಲ್ಲ. ಈ ಒಂದೇ ಕಟ್ಟುಪಾಡಿನಿಂದ ಹೊರಗಿನ ಬಯಲಿನಲ್ಲಿ ಕೋತಿ ಮನುಷ್ಯನ ಚೀಲದ ಗೊಡವೆಗೆ ಹೋಗುವುದಿಲ್ಲ. ನಮ್ಮ ಬೆಟ್ಟಗಳಲ್ಲೂ ಇಷ್ಟು ಮಾಡಿದರೆ ಏನೆಲ್ಲ ಬದಲಾಗಬಹುದು ಎಂದು ಅಲ್ಲಿ ನಿಂತಾಗಲೆಲ್ಲ ನನಗೆ ಅನ್ನಿಸಿದೆ.

ಮಕ್ಕಳಿಗೆ ಒಂದು ವಿಷಯ ಹೇಳಿ ಕರೆದುಕೊಂಡು ಹೋಗಿ, ಕಲ್ಲಾಟ. 1979ರ ಡಿಸೆಂಬರ್‌ನಲ್ಲಿ ಸಂಶೋಧಕ ಮೈಕೆಲ್ ಹಫ್‌ಮನ್ ಇಲ್ಲಿ ಮೂರು ವರ್ಷದ ಹೆಣ್ಣು ಕೋತಿಯೊಂದು ಕಲ್ಲುಗಳನ್ನು ತಂದು ಗುಡ್ಡೆ ಹಾಕಿ ಆಡುವುದನ್ನು ಕಂಡರು. ಅದರ ಹೆಸರು ಗ್ಲಾನ್ಸ್-6476. ಗ್ಲಾನ್ಸ್ ವಂಶದ, 1964ರಲ್ಲಿ ಹುಟ್ಟಿದ ತಾಯಿಗೆ 1976ರಲ್ಲಿ ಹುಟ್ಟಿದ ಮಗಳು ಎಂದರ್ಥ. ಕೋತಿಗಳ ಗುಂಪಿನಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಗಂಡುಗಳು ಬೆಳೆದು ಹೊರಗೆ ಹೋಗುತ್ತವೆ, ಆದ್ದರಿಂದ ವಂಶಾವಳಿ ತಾಯಿಯ ಕಡೆಯಿಂದಲೇ ನಡೆಯುತ್ತದೆ. ಅಂದಿನ ಆ ಆಟ ಮರಿಗಳಿಂದ ಮರಿಗಳಿಗೆ ಹಬ್ಬಿತು. ಹೊಟ್ಟೆ ತುಂಬಿದ ಮೇಲೆ ಕಲ್ಲನ್ನು ನೆಲಕ್ಕೆ ಉಜ್ಜುತ್ತಾ, ಉರುಳಿಸುತ್ತಾ, ಒಂದಕ್ಕೊಂದು ಬಡಿಯುತ್ತಾ ಕೂರುವ ಕೋತಿಯನ್ನು ತಾಳ್ಮೆಯಿದ್ದರೆ ನೀವೂ ನೋಡಬಹುದು. ಐದು ವರ್ಷದ ಹುಡುಗನಿಗೆ ಇದು ನಾಗಾನೊ ಕೋತಿಗಳ ಬಿಸಿನೀರ ಸ್ನಾನಕ್ಕಿಂತ ಹೆಚ್ಚು ಅರ್ಥವಾಗುತ್ತದೆ.

ಕೊರತೆಯೆಂದರೆ, ಕೋತಿಗಳು ಕಡಿಮೆ, ಪ್ರವಾಸಿಗರು ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಗುಡಿಸಲಿನಲ್ಲಿ ನೂಕುನುಗ್ಗಲು. ಬೆಳಗ್ಗೆ 9ಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ಜೋರು ಮಳೆ ಅಥವಾ ಹಿಮ ಇದ್ದರೆ ಪಾರ್ಕ್ ಮುಚ್ಚುತ್ತಾರೆ. ಹಾಗಾಗಿ ಕ್ಯೋಟೊದಲ್ಲಿರುವ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ, ಮೊದಲ ದಿನಕ್ಕೆ ಇಡಿ.

ಜಿಗೊಕುದಾನಿ: ಹಿಮ, ಬಿಸಿನೀರು ಮತ್ತು ಒಂದಿಡೀ ದಿನ

ತಲೆ ಮೇಲೆ ಹಿಮ ಹೊತ್ತು, ಕಣ್ಣು ಮುಚ್ಚಿ, ಹಬೆಯಾಡುವ ನೀರಿನಲ್ಲಿ ಕೂತ ಕೋತಿಯ ಚಿತ್ರ ನೀವು ನೋಡಿರುತ್ತೀರಿ. ಅದು ನಾಗಾನೊ ಪ್ರಾಂತ್ಯದ ಯಾಮಾನೊಉಚಿ ಊರಿನ ಮೇಲಿನ ಕಣಿವೆ. ಜಿಗೊಕುದಾನಿ ಎಂದರೆ ನರಕದ ಕಣಿವೆ. ನೆಲದಿಂದ ಬುಸುಗುಡುವ ಹಬೆಗೆ ಹಿಂದಿನವರು ಇಟ್ಟ ಹೆಸರು. ಎತ್ತರ 850 ಮೀಟರ್, ವರ್ಷದ ಮೂರನೇ ಒಂದು ಭಾಗ ಹಿಮ. ಪಾರ್ಕ್ ತೆರೆದದ್ದು 1964ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಅಲ್ಲಿಯ ಹಳೆಯ ವಸತಿಗೃಹದ ಬಯಲು ಬಚ್ಚಲಿಗೆ ಒಂದು ಎಳೆಯ ಕೋತಿ ಇಳಿಯಿತು, ಉಳಿದವೂ ಹಿಂಬಾಲಿಸಿದವು. ಜನ ಮೀಯುವ ನೀರಿನಲ್ಲೇ ಕೋತಿಗಳೂ ಮೀಯುವುದು ಸರಿಹೋಗದೆ ಅವಕ್ಕೆಂದೇ ಬೇರೆ ಕೊಳ ಕಟ್ಟಿಸಿದರು. 1970ರ ಜನವರಿಯಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮುಖಪುಟಕ್ಕೆ ಬಂದ ಮೇಲೆ ಜಗತ್ತೇ ಈ ಕಣಿವೆಯ ಕಡೆ ತಿರುಗಿತು.

ಇಲ್ಲಿ ಪ್ರವಾಸಿಗರು ಆಹಾರ ಕೊಡುವ ಪ್ರಶ್ನೆಯೇ ಇಲ್ಲ. ಸಿಬ್ಬಂದಿ ದಿನಕ್ಕೆ ಕೆಲವು ಸಲ ಕಾಳು ಚೆಲ್ಲುತ್ತಾರೆ. ಕೋತಿಗಳು ರಾತ್ರಿಯನ್ನು ಕಾಡಿನಲ್ಲಿ ಕಳೆದು ಬೆಳಗ್ಗೆ ಇಳಿದು ಬರುತ್ತವೆ, ಸಂಜೆ ತಿರುಗಿ ಹೋಗುತ್ತವೆ. ನಿಮ್ಮ ಕೈಯಿಂದ ಅವಕ್ಕೆ ಏನೂ ಸಿಗುವುದಿಲ್ಲ ಎಂದು ತಲೆತಲಾಂತರದಿಂದ ಗೊತ್ತಿರುವುದರಿಂದ ನೀವು ಅವುಗಳ ಪಾಲಿಗೆ ಒಂದು ಮರವಿದ್ದಂತೆ. ಕೊಳದ ಅಂಚಿನಲ್ಲಿ ಕೂತರೆ ಪಕ್ಕದಲ್ಲೇ ಬಂದು ಮೈ ಕೊಡವುತ್ತವೆ. ಮೂರರಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಈ ನಿರ್ಲಿಪ್ತತೆ.

ಕೊಳದಲ್ಲಿ ಯಾವಾಗಲೂ ಮಧ್ಯದ ಬೆಚ್ಚಗಿನ ಜಾಗದಲ್ಲಿ ಕೂರುವವರು ಯಾರೆಂದು ಗಮನಿಸಿ. 2018ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನ ಹೆಣ್ಣು ಕೋತಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಚಳಿಗಾಲದ ಸ್ನಾನದಿಂದ ಒತ್ತಡದ ಹಾರ್ಮೋನ್ ಇಳಿಯುತ್ತದೆ, ಆದರೆ ಹೆಚ್ಚು ಹೊತ್ತು ನೀರಿನಲ್ಲಿರುವ ಭಾಗ್ಯ ಗುಂಪಿನಲ್ಲಿ ಮೇಲಿನ ಸ್ಥಾನದಲ್ಲಿರುವ ಹೆಣ್ಣುಗಳದು ಎಂದು ಅವರು ಕಂಡುಕೊಂಡರು. ದಡದ ಹಿಮದಲ್ಲಿ ಮರಿಯನ್ನು ಅವಚಿಕೊಂಡು ನಡುಗುತ್ತಾ ಕೂತ ತಾಯಂದಿರೂ ಅಲ್ಲೇ ಇರುತ್ತವೆ. ಫೋಟೊಗಳಲ್ಲಿ ಅವು ಬರುವುದಿಲ್ಲ.

ಈಗ ಬೆಲೆ. ಟೋಕಿಯೊದಿಂದ ನಾಗಾನೊಗೆ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆ ಆಸುಪಾಸು, ಒಂದು ಕಡೆಗೆ 8000 ಯೆನ್‌ಗಿಂತ ಮೇಲೆ. ಅಲ್ಲಿಂದ ನೇರ ಬಸ್ಸಿನಲ್ಲಿ ಸುಮಾರು ಮುಕ್ಕಾಲು ಗಂಟೆ, ಇಲ್ಲವೇ ಯುದಾನಾಕಾ ತನಕ ಖಾಸಗಿ ರೈಲು, ನಂತರ ಬಸ್ಸು. ಹೋಗಿ ಬರಲು ತಲೆಗೆ 20 ಸಾವಿರ ಯೆನ್ ಆಸುಪಾಸು ಎಂದು ಲೆಕ್ಕ ಇಟ್ಟುಕೊಳ್ಳಿ. ಇಡೀ ದೇಶದ ರೈಲ್ ಪಾಸ್ 2023ರ ಅಕ್ಟೋಬರ್‌ನಲ್ಲೇ ಏಳು ದಿನಕ್ಕೆ 50 ಸಾವಿರ ಯೆನ್‌ಗೆ ಏರಿತು. ಈ ಒಂದು ಪ್ರಯಾಣಕ್ಕಾಗಿ ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ, ಮೇಲಾಗಿ ನಾಗಾನೊದಿಂದ ಮುಂದಿನ ಖಾಸಗಿ ರೈಲಿಗೆ ಅದು ನಡೆಯುವುದೂ ಇಲ್ಲ. ನಾಗಾನೊದಲ್ಲೇ ಸಿಗುವ ‘ಸ್ನೋ ಮಂಕಿ ಪಾಸ್’ನಲ್ಲಿ ಸ್ಥಳೀಯ ರೈಲು, ಬಸ್ಸು, ಪಾರ್ಕ್ ಪ್ರವೇಶ ಎಲ್ಲ ಸೇರಿರುತ್ತದೆ.

ಬಸ್ಸು ಇಳಿದ ಮೇಲೂ ನಡಿಗೆಯಿದೆ. ದೇವದಾರು ಕಾಡಿನೊಳಗೆ 1.6 ಕಿಲೋಮೀಟರ್ ದಾರಿ, ಬಸ್ ಸ್ಟಾಪಿನಿಂದ ಲೆಕ್ಕ ಹಾಕಿದರೆ ಮೂವತ್ತೈದು ನಲವತ್ತು ನಿಮಿಷ. ಹೆಚ್ಚು ಏರಿಲ್ಲ. ಆದರೆ ಚಳಿಗಾಲದಲ್ಲಿ ಆ ದಾರಿ ತುಳಿದು ತುಳಿದು ಗಾಜಿನಂತಾಗಿರುತ್ತದೆ. ಬೆಂಗಳೂರಿನ ವಾಕಿಂಗ್ ಶೂ ಹಾಕಿಕೊಂಡು ಹೋದರೆ ಬೀಳುವುದು ಖಂಡಿತ. ಶೂ ಅಡಿಗೆ ಕಟ್ಟುವ ಮುಳ್ಳಿನ ಪಟ್ಟಿ ಜಪಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಕೊಂಡು ಹೋಗಿ. ಸೂಟ್‌ಕೇಸನ್ನು ನಾಗಾನೊ ಸ್ಟೇಷನ್ ಲಾಕರಿನಲ್ಲಿ ಬಿಟ್ಟು ಬನ್ನಿ.

ಹಿಮ ಬೇಕೆಂದರೆ ಜನವರಿ, ಫೆಬ್ರವರಿ. ಡಿಸೆಂಬರ್ ಕೊನೆ ಮತ್ತು ಮಾರ್ಚ್ ಮೊದಲಾರ್ಧ ಅದೃಷ್ಟದ ಮೇಲೆ. ಬೇಸಿಗೆಯಲ್ಲಿ ಕೋತಿಗಳಿಗೆ ಬಿಸಿನೀರು ಬೇಕಾಗಿಲ್ಲ, ಎಷ್ಟೋ ದಿನ ಕೊಳ ಖಾಲಿ. ಮೇ ತಿಂಗಳಲ್ಲಿ ಅಷ್ಟು ದುಡ್ಡು ಕೊಟ್ಟು ಹೋಗಿ ಬರಿಯ ಕೊಳ ನೋಡಿ ಸಪ್ಪೆ ಮುಖ ಹಾಕಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಶರತ್ಕಾಲದಲ್ಲಿ ಕೋತಿಗಳು ಮೇಲಿನ ಕಾಡಿನಲ್ಲೇ ಉಳಿದು ಪಾರ್ಕಿಗೆ ಬಾರದ ದಿನಗಳೂ ಇವೆ. ಪಾರ್ಕಿನವರು ಕೊಳದ ಮೇಲೆ ಕ್ಯಾಮೆರಾ ಇಟ್ಟು ಚಿತ್ರವನ್ನು ತಮ್ಮ ಜಾಲತಾಣದಲ್ಲಿ ತೋರಿಸುತ್ತಾರೆ, ಹಿಂದಿನ ದಿನಗಳಲ್ಲಿ ಕೋತಿ ಬಂದಿವೆಯೇ ಎಂದು ನೋಡಿಯೇ ಟಿಕೆಟ್ ತೆಗೆಯಿರಿ.

ಒಂದು ರಾತ್ರಿ ಉಳಿಯಲು ಸಾಧ್ಯವಾದರೆ ಕಣಿವೆಯ ಕೆಳಗಿನ ಶಿಬು ಒನ್ಸೆನ್ ಎಂಬ ಬಿಸಿನೀರ ಬುಗ್ಗೆಯ ಊರಿನಲ್ಲಿ ಉಳಿಯಿರಿ. ಹಳೆಯ ಮರದ ಮನೆಗಳ ಓಣಿ. ಅಲ್ಲಿ ತಂಗಿದವರಿಗೆ ಊರಿನ ಒಂಬತ್ತು ಬಿಸಿನೀರ ಬಚ್ಚಲುಗಳ ಬೀಗದ ಕೈ ಕೊಡುತ್ತಾರೆ. ಖರ್ಚು ಏರುತ್ತದೆ, ಸಸ್ಯಾಹಾರ ಬೇಕೆಂದು ಕಾಯ್ದಿರಿಸುವಾಗಲೇ ಬಿಡಿಸಿ ಹೇಳಬೇಕು, ಏಕೆಂದರೆ ಸಾರಿನ ಮೂಲದಲ್ಲೇ ಮೀನಿರುತ್ತದೆ. ಆದರೆ ಬೆಳಗ್ಗೆ ಟೋಕಿಯೊದ ಜನ ಬರುವ ಮೊದಲು ನೀವು ಕೊಳದ ಬಳಿ ಇರುತ್ತೀರಿ.

ತಕಾಸಾಕಿಯಾಮಾ: ಮಂಡಿ ನೋವಿನವರಿಗೆ ಇರುವ ಒಂದೇ ದಾರಿ

ಕ್ಯೂಶು ದ್ವೀಪದ ಓಯಿತಾ ಮತ್ತು ಬೆಪ್ಪು ನಗರಗಳ ನಡುವೆ, ಕಡಲಿಗೆ ಎದುರಾಗಿ ನಿಂತ 628 ಮೀಟರ್ ಎತ್ತರದ ಬೆಟ್ಟ. ನಮ್ಮವರಿಗೆ ಇದರ ಹೆಸರೇ ಗೊತ್ತಿಲ್ಲ. ಜಪಾನಿಗರಿಗೆ ಕೋತಿ ಬೆಟ್ಟವೆಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಇದೂ ಒಂದು.

ಇಲ್ಲಿಯ ಕಥೆ ಮಲೆನಾಡಿನ ರೈತರಿಗೆ ಕೂಡಲೇ ಅರ್ಥವಾಗುತ್ತದೆ. ಬೆಟ್ಟದ ಕೋತಿಗಳು ಸುತ್ತಲಿನ ಹೊಲಗಳಿಗೆ ನುಗ್ಗುತ್ತಿದ್ದವು. ಆಗಿನ ಓಯಿತಾ ಮೇಯರ್ ಉಎದಾ ತಮೋತ್ಸು, ಕೊಲ್ಲುವ ಬದಲು ಬೆಟ್ಟದಲ್ಲೇ ಅವಕ್ಕೆ ಆಹಾರ ಕೊಟ್ಟು ಅಲ್ಲೇ ನಿಲ್ಲಿಸೋಣ ಎಂದರು. ಶಂಖ ಊದಿ ಕರೆದು ಗೆಣಸು ಹಾಕಿ ಒಗ್ಗಿಸಿದರು. 1953ರಲ್ಲಿ ಪಾರ್ಕ್ ತೆರೆಯಿತು. ಆದರೆ ಆಹಾರ ಹೆಚ್ಚಾದಂತೆ ಸಂತತಿಯೂ ಹೆಚ್ಚಿ, ಒಂದು ಕಾಲದಲ್ಲಿ 2000 ದಾಟಿತು. ಬೆಟ್ಟದ ಮರಗಳಿಗೇ ಪೆಟ್ಟು ಬಿದ್ದು, ಆಹಾರವನ್ನು ಅಳೆದು ಕೊಡುವ ಪದ್ಧತಿ ಬಂತು. ಈಗ ಎರಡು ಗುಂಪು ಸೇರಿ ಸುಮಾರು ಸಾವಿರ ಕೋತಿಗಳು. ಒಂದು ಗುಂಪು ಆಹಾರ ಹಾಕುವ ಬಯಲಿನಿಂದ ಹಿಂದಿರುಗಿದ ಮೇಲೆ ಇನ್ನೊಂದು ಇಳಿಯುತ್ತದೆ. ಆಹಾರ ಕೊಡುವುದು ಸಿಬ್ಬಂದಿ ಮಾತ್ರ. ಗೋಧಿ ಚೆಲ್ಲುವ ಹೊತ್ತಿಗೆ ನೂರಾರು ಕೋತಿಗಳು ಒಟ್ಟಿಗೆ ಓಡಿ ಬರುವುದು, ನೆಲವೇ ಎದ್ದು ಚಲಿಸಿದಂತೆ ಕಾಣುವುದು, ಉಳಿದೆರಡು ಕಡೆ ಸಿಗದ ನೋಟ.

ಸಿಬ್ಬಂದಿ ಎಷ್ಟೋ ಕೋತಿಗಳನ್ನು ಹೆಸರಿನಿಂದ ಗುರುತಿಸುತ್ತಾರೆ. 2021ರಲ್ಲಿ ಒಂಬತ್ತು ವರ್ಷದ ಯಾಕೆಯಿ ಎಂಬ ಹೆಣ್ಣು, ಹಳೆಯ ಗಂಡು ನಾಯಕನನ್ನು ಸೋಲಿಸಿ ‘ಬಿ’ ಗುಂಪಿನ ಅಗ್ರಸ್ಥಾನಕ್ಕೇರಿತು. ಪಾರ್ಕಿನ ಚರಿತ್ರೆಯಲ್ಲೇ ಅದು ಮೊದಲು. ನಾಯಕತ್ವವೆಂದರೆ ಗಂಡಿನದೇ ಎಂದುಕೊಂಡಿದ್ದವರೆಲ್ಲ ಆಗ ತಿರುಗಿ ನೋಡಿದರು.

ಅನುಕೂಲವೆಂದರೆ ಇಲ್ಲಿ ಬಯಲಿನ ತನಕ ಪುಟ್ಟ ಹಳಿಗಾಡಿ ಇದೆ, ದರವೂ ಅತಿ ಕಡಿಮೆ. ನಡೆಯಲಾಗದ ಅಜ್ಜ ಅಜ್ಜಿಯರನ್ನು ನಿಶ್ಚಿಂತೆಯಿಂದ ಕರೆದುಕೊಂಡು ಹೋಗಬಹುದಾದದ್ದು ಮೂರರಲ್ಲಿ ಇದೊಂದೇ. ರಸ್ತೆಯ ಆಚೆಗೆ ಕಡಲ ಮತ್ಸ್ಯಾಲಯ, ಮಕ್ಕಳಿಗೆ ಉಳಿದ ಅರ್ಧ ದಿನ ಅಲ್ಲಿ ಕಳೆಯುತ್ತದೆ. ಬೆಪ್ಪುವಿನಿಂದ ಬಸ್ಸಿನಲ್ಲಿ ಕಾಲು ಗಂಟೆ. ಅನನುಕೂಲ ದೂರ. ಟೋಕಿಯೊ–ಕ್ಯೋಟೊ ಸುತ್ತಾಟದ ಒಂಬತ್ತು ದಿನದಲ್ಲಿ ಕ್ಯೂಶು ಸೇರಿಸಿದರೆ ಎಲ್ಲವೂ ಅವಸರವಾಗುತ್ತದೆ. ಫುಕುಓಕಾದ ಹಕಾತಾ ಸ್ಟೇಷನ್ನಿನಿಂದ ಬೆಪ್ಪುಗೇ ಎರಡು ಗಂಟೆ ರೈಲು. ಎರಡನೇ ಸಲ ಜಪಾನಿಗೆ ಹೋಗುವವರಿಗೆ, ಹಿರೋಶಿಮಾ, ನಾಗಾಸಾಕಿ ಕಡೆ ಹೋಗುವವರಿಗೆ ಇದನ್ನು ಸೇರಿಸಿಕೊಳ್ಳುವುದು ಸುಲಭ.

ಆಹಾರವೇ ಇಡದ ಕಡೆ

ಇದೆಲ್ಲ ಓದಿ “ಮನುಷ್ಯರು ಇಟ್ಟ ಕಾಳಿಗೆ ಬರುವ ಕೋತಿ ಕಾಡು ಕೋತಿಯೇ?” ಎಂದು ಕೇಳುವವರಿಗೆ ಯಾಕುಶಿಮಾ ಇದೆ. ಕ್ಯೂಶುವಿನ ದಕ್ಷಿಣಕ್ಕಿರುವ ದ್ವೀಪ, 1993ರಿಂದ ವಿಶ್ವ ಪರಂಪರೆಯ ತಾಣ. ಪಶ್ಚಿಮ ಅಂಚಿನ ಕಿರಿದಾದ ಕಾಡುರಸ್ತೆಯಲ್ಲಿ ಅಲ್ಲಿಯದೇ ಉಪಜಾತಿಯ ಕೋತಿಗಳು ರಸ್ತೆ ನಡುವೆ ಕೂತು ಹೇನು ಹೆಕ್ಕುತ್ತವೆ, ಪಕ್ಕದಲ್ಲಿ ಜಿಂಕೆಗಳು ಮೇಯುತ್ತವೆ. ಟಿಕೆಟ್ ಇಲ್ಲ, ಗುಡಿಸಲಿಲ್ಲ. ಆದರೆ ಕಾರು ಬೇಕು, ಕಾಗೊಶಿಮಾದಿಂದ ದೋಣಿ ಅಥವಾ ವಿಮಾನ ಬೇಕು, ಕನಿಷ್ಠ ಎರಡು ರಾತ್ರಿ ಬೇಕು, ಮಳೆಗೆ ಸಿದ್ಧರಿರಬೇಕು. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕಾಗಿ ಕುತ್ತಿಗೆ ನೋಯುವ ತನಕ ಮರದ ತುದಿ ನೋಡುತ್ತಾ ನಿಂತವರಿಗೆ ಇದು ಇಷ್ಟವಾಗುತ್ತದೆ. ಮೊದಲ ಸಲದ ಕುಟುಂಬ ಪ್ರವಾಸಕ್ಕೆ ಬೇಡ.

ಹಾಗಾದರೆ ಯಾರಿಗೆ ಯಾವುದು

ಚಿಕ್ಕಮ್ಮನ ಮಗಳಿಗೆ ನಾನು ಹೇಳಿದ್ದು ಅರಾಶಿಯಾಮಾ. ಮೇ ಎರಡನೇ ವಾರ, ಒಂಬತ್ತು ದಿನ, ಚಿಕ್ಕ ಮಗ. ನಾಗಾನೊಗೆ ಹೋದರೆ ಹಿಮವಿಲ್ಲ, ದೊಡ್ಡವರ ಟಿಕೆಟ್ಟಿನ ಹಣ ಹೋಗುತ್ತದೆ. ಅತ್ತೆಯನ್ನು ಏರಿಸುವುದು ಬೇಡ. ಒಬ್ಬರು ಅವರ ಜೊತೆ ಸೇತುವೆಯ ಬಳಿ ನದಿ ದಡದಲ್ಲಿ ಕೂತು ಚಹಾ ಕುಡಿಯಲಿ, ಉಳಿದವರು ಹತ್ತಿ ಇಳಿದು ಬರಲಿ, ಒಂದೂವರೆ ಗಂಟೆಯ ಮಾತು. ಅತ್ತೆಯೂ ಕೋತಿ ನೋಡಲೇಬೇಕು ಎಂದಿದ್ದರೆ ಟೋಕಿಯೊವನ್ನು ಎರಡು ದಿನ ಕಡಿಮೆ ಮಾಡಿ ಬೆಪ್ಪುಗೆ ಹೋಗಿ ಎನ್ನುತ್ತಿದ್ದೆ.

ಜನವರಿ, ಫೆಬ್ರವರಿಯಲ್ಲಿ ಹೋಗುವ ಗಂಡ ಹೆಂಡತಿಗೆ, ಕ್ಯಾಮೆರಾ ಹಿಡಿದು ಹೋಗುವವರಿಗೆ ಜಿಗೊಕುದಾನಿಯೇ ಸರಿ, ಎರಡನೇ ಮಾತಿಲ್ಲ. ದುಡ್ಡು ಬಿಗಿಯಿದ್ದರೂ ಬೇರೆ ಯಾವುದನ್ನಾದರೂ ಬಿಟ್ಟು ಹೋಗಿ. ವಿದ್ಯಾರ್ಥಿಗಳಿಗೆ, ಆಫೀಸ್ ಕೆಲಸಕ್ಕೆ ಒಸಾಕಾಗೆ ಬಂದು ಒಂದು ಭಾನುವಾರ ಸಿಕ್ಕವರಿಗೆ ಅರಾಶಿಯಾಮಾ. ದಸರಾ ರಜೆಯವರು ಜಿಗೊಕುದಾನಿಯನ್ನು ಕೈಬಿಡುವುದು ಕ್ಷೇಮ. ಕ್ರಿಸ್‌ಮಸ್ ರಜೆಯವರು ನಾಗಾನೊ ಟಿಕೆಟ್ಟನ್ನು ಮೊದಲೇ ತೆಗೆಯದೆ, ಜಪಾನ್ ಮುಟ್ಟಿದ ಮೇಲೆ, ಹಿಂದಿನ ಸಂಜೆ ಕ್ಯಾಮೆರಾ ಚಿತ್ರ ನೋಡಿ ನಿರ್ಧರಿಸಲಿ.

ಅರಾಶಿಯಾಮಾ, ಜಿಗೊಕುದಾನಿ ಎರಡನ್ನೂ ನೋಡೋಣವೇ ಎಂದರೆ, ಚಳಿಗಾಲವಾದರೆ ಹೌದು. ಒಂದರಲ್ಲಿ ಕೋತಿಯ ಕೈ ನಿಮ್ಮ ಕೈಗೆ ತಾಗುತ್ತದೆ, ಇನ್ನೊಂದರಲ್ಲಿ ಅದಕ್ಕೆ ನೀವು ಲೆಕ್ಕಕ್ಕೇ ಇಲ್ಲ. ಬೇರೆ ತಿಂಗಳುಗಳಲ್ಲಿ ಒಂದು ಸಾಕು.

ಹೊರಡುವ ಮುನ್ನ ಮಕ್ಕಳಿಗೂ ದೊಡ್ಡವರಿಗೂ

ತಿಂಡಿಯನ್ನು ಕೆಳಗೇ ತಿಂದು ಮುಗಿಸಿ. ಚಪಾತಿ ಕಟ್ಟಿಕೊಂಡಿದ್ದರೆ ಬ್ಯಾಗಿನ ತಳದಲ್ಲಿ, ಜಿಪ್ ಹಾಕಿ ಇಡಿ. ಪ್ಲಾಸ್ಟಿಕ್ ಚೀಲ ಕೈಯಲ್ಲಿ ತೂಗಾಡುವುದು ಬೇಡ. ಕೋತಿಯ ಕಣ್ಣಿಗೆ ಕಣ್ಣು ಸೇರಿಸಿ ದಿಟ್ಟಿಸಬೇಡಿ, ಅವುಗಳ ಭಾಷೆಯಲ್ಲಿ ಅದು ಜಗಳಕ್ಕೆ ಕರೆ. ಮುಟ್ಟಬೇಡಿ, ಫೋಟೊಗಾಗಿ ಮುಖದ ಬಳಿ ಫೋನ್ ಒಡ್ಡಬೇಡಿ, ಜಿಗೊಕುದಾನಿಯಲ್ಲಿ ಸೆಲ್ಫಿ ಕೋಲಿಗೆ ಅವಕಾಶವೇ ಇಲ್ಲ. ಮರಿ ಹತ್ತಿರ ಬಂದರೆ ನೀವೇ ಎರಡು ಹೆಜ್ಜೆ ಹಿಂದೆ ಸರಿಯಿರಿ, ತಾಯಿ ಎಲ್ಲೋ ನೋಡುತ್ತಿರುತ್ತದೆ. ಓಡಬೇಡಿ, ಕಿರುಚಬೇಡಿ. ಪರಚಿದರೆ ಅಥವಾ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಸಿಬ್ಬಂದಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ.

ಮತ್ತೆ, ಮೇಲೆ ತಲುಪಿದ ಕೂಡಲೇ ಫೋನ್ ತೆಗೆಯದೆ ಐದು ನಿಮಿಷ ಒಂದೇ ಕಡೆ ನಿಂತಿರಿ. ಒಂದು ತಾಯಿಯನ್ನು ಆರಿಸಿಕೊಂಡು ಅದನ್ನಷ್ಟೇ ನೋಡಿ. ಅರಾಶಿಯಾಮಾದಿಂದ ಇಳಿದು ಬಂದ ಐದು ವರ್ಷದ ಹುಡುಗ ನದಿ ದಡದಲ್ಲಿ ಅಜ್ಜಿಯ ಪಕ್ಕ ಕೂತು, ನೆಲದಿಂದ ಎರಡು ಕಲ್ಲು ಆರಿಸಿ, ಕೋತಿ ಹೇಗೆ ಉಜ್ಜುತ್ತಿತ್ತು ಎಂದು ತೋರಿಸಿದನಂತೆ. ಆ ಫೋಟೊ ನನಗೆ ಬಂದಿದೆ.